ರಾಶಿ ಮುಗೀಲಿ, ಆಮ್ಯಾಲ ನೋಡೂಣು

ಬೆಳಗಿನ ಆರು ಗಂಟೆ. ಡಿಸೆಂಬರಿನ ಕೊನೆಯ ವಾರ. ಬೆಳಕು ಹರಿಯಲು ಇನ್ನೂ ಹೊತ್ತಿದೆ. ನಿಮ್ಮನ್ನು ವಿಜಯಪುರದ ಗಾಂಧಿ ಚೌಕದಲ್ಲಿ ಇಳಿಸಿದ ಟಂಟಂ ಹೊಗೆ ಬಿಡುತ್ತ ಸ್ಟೇಷನ್ ಕಡೆ ಹೊರಟುಹೋಯಿತು. ಹಗಲಿನಲ್ಲಿ ದಾಟಲಿಕ್ಕೇ ಆಗದಷ್ಟು ಗದ್ದಲವಿರುವ ಈ ವೃತ್ತದಲ್ಲಿ ಈಗ ಕೇಳುವುದು ಪೌರಕಾರ್ಮಿಕ ಹೆಣ್ಣುಮಕ್ಕಳ ಕಸಬರಿಗೆಯ ಸಪ್ಪಳ ಮಾತ್ರ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನ ಶಟರುಗಳೆಲ್ಲ ಇಳಿದಿವೆ. ತೆರೆದಿರುವುದು ಒಂದೇ ಒಂದು ಚಾದಂಗಡಿ. ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಒಲೆಯ ಮುಂದೆ ಕೂತು ಶುಂಠಿ ಜಜ್ಜುತ್ತಿದ್ದಾರೆ.

ನಿಮ್ಮ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಅಪ್ಪನ ಮರಣ ಪ್ರಮಾಣಪತ್ರ, ಅಪ್ಪನ ಹೆಸರಿನಲ್ಲೇ ಇರುವ ಹೊಲದ ಉತಾರ (ಪಹಣಿ), ಎಲ್ಲರ ಆಧಾರ್ ಕಾರ್ಡಿನ ಝೆರಾಕ್ಸ್. ಮಡಿಕೆಗಳ ಜಾಗದಲ್ಲಿ ಕಾಗದ ಹಳದಿಗೆ ತಿರುಗಿದೆ.

"ಕಾಕಾ, ಒಂದ್ ಚಾ ಕೊಡ್ರಿ."

"ಕುಂದರು ತಮ್ಮಾ. ಇಷ್ಟ್ ಲಗೂನ ಎತ್ತಾಗ ಹೊಂಟಿ?"

"ತಿಕೋಟಾಕ್ಕ್ರಿ. ಹೊಲಾ ಇನ್ನೂ ಅಪ್ಪನ ಹೆಸರಿನ್ಯಾಗ ಐತಿ. ವಾರಸಾ ಮಾಡಿಸಬೇಕ್ರಿ."

"ಅಪ್ಪಾರು ಹೋಗಿ ಎಷ್ಟ್ ದಿನ ಆತು?"

ಈ ಪ್ರಶ್ನೆಗೆ ನೀವು ತಕ್ಷಣ ಉತ್ತರ ಕೊಡುವುದಿಲ್ಲ. ಚಾದ ಗ್ಲಾಸನ್ನು ಎರಡೂ ಅಂಗೈಯಲ್ಲಿ ಹಿಡಿದು ಬಿಸಿ ತಾಗಿಸಿಕೊಳ್ಳುತ್ತೀರಿ. "ಆಗ್ಯಾವ್ರಿ ಕಾಕಾ, ನಾಕೈದು ವರ್ಷ." ಅವರು ಬೈಯುವುದಿಲ್ಲ, ಬೆರಗೂ ಆಗುವುದಿಲ್ಲ. ಈ ಭಾಗದಲ್ಲಿ ಇದು ಹೊಸ ಸಂಗತಿಯಲ್ಲ. "ನಾಳೆ ಎಂದವನ ಮನಿ ಹಾಳು ಅಂತಾರ ನೋಡು" ಎಂದಷ್ಟೇ ಹೇಳಿ ಚಾ ಸೋಸಲು ತಿರುಗುತ್ತಾರೆ.

ಈ ಗಾದೆ ನಿಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರೂ ಉಪಯೋಗಕ್ಕೆ ಬರಲಿಲ್ಲ. ಅಪ್ಪ ಹೋದ ವರ್ಷ, ವರ್ಷಾಂತಕ ಮುಗಿಯಲಿ ಎಂದಿರಿ. ಅದು ಮುಗಿದ ಮೇಲೆ ಎಳ್ಳಮಾಸೆ ಕಳೆಯಲಿ, ಚರಗ ಚೆಲ್ಲಿ ಬರೋಣ ಎಂದಿರಿ. ಆಮೇಲೆ ಸಂಕ್ರಮಣ, ಸಿದ್ಧೇಶ್ವರ ಜಾತ್ರೆ. ಆಮೇಲೆ ಜೋಳದ ರಾಶಿ. ರಾಶಿ ಮುಗಿಯುವಷ್ಟರಲ್ಲಿ ಯುಗಾದಿ, ಬಿಸಿಲು, ಮಕ್ಕಳ ಪರೀಕ್ಷೆ, ಲಗ್ನಗಳು. ಮಳೆ ಬಂದರೆ ಬಿತ್ತನೆ, ಬರದಿದ್ದರೆ ಚಿಂತೆ. ಪಂಚಮಿಗೆ ತಂಗಿ ಬರುತ್ತಾಳೆ, ಅವಳೆದುರಿಗೇ ಮಾತಾಡೋಣ ಎಂದಿರಿ. ಬಂದವಳ ಮುಖ ನೋಡಿ ಬಾಯಿ ಬರಲಿಲ್ಲ. ಶೀಗಿ ಹುಣ್ಣಿಮೆ, ದೀಪಾವಳಿ, ಮತ್ತೆ ಎಳ್ಳಮಾಸೆ. ಒಂದೊಂದೂ ನಿಜವಾದ ಕೆಲಸವೇ ಆಗಿತ್ತು, ಒಂದೂ ನೆಪದಂತೆ ಕಾಣಲಿಲ್ಲ. ಮುಂದೂಡುವ ಮನಸ್ಸಿನ ಬಲ ಇರುವುದೇ ಇಲ್ಲಿ. ಅದು ನಿಮ್ಮನ್ನು ಖಾಲಿ ಕೂಡಿಸುವುದಿಲ್ಲ, ಬೇರೆ ಕೆಲಸಕ್ಕೆ ಹಚ್ಚುತ್ತದೆ.

ಅದಕ್ಕೇ ಸೋಮಾರಿತನವೆಂದು ಬೈದುಕೊಂಡರೆ ಇದು ವಾಸಿಯಾಗುವುದಿಲ್ಲ. ನೀವು ಸೋಮಾರಿಯಲ್ಲ. ಅಕ್ಟೋಬರಿನ ಚಾಟ್ನಿಯನ್ನು, ಅಂದರೆ ದ್ರಾಕ್ಷಿ ಬಳ್ಳಿ ಸವರುವುದನ್ನು, ಒಂದು ವರ್ಷವೂ ತಪ್ಪಿಸಿಲ್ಲ. ಹಿಂಗಾರಿ ಜೋಳ ಬಿತ್ತುವ ಹದ ಬಂದ ದಿನ ಮನೆಯಲ್ಲಿ ಜ್ವರವಿದ್ದರೂ ಹೊಲಕ್ಕೆ ಹೋದವರು. ಆದರೆ ಈ ಚೀಲ ಮುಟ್ಟಿದಾಗ ಮಾತ್ರ ಎದೆಯಲ್ಲಿ ಏನೋ ಬಿಗಿಯುತ್ತದೆ, ಉಸಿರು ಮೇಲೆ ನಿಲ್ಲುತ್ತದೆ.

ಚಾ ಮುಗಿಸಿ ನೀವು ಗಾಂಧೀಜಿಯ ಪ್ರತಿಮೆಯ ಮುಂದೆ ಬರುತ್ತೀರಿ. ಈ ಮನುಷ್ಯನಿಗೂ ಭಗವದ್ಗೀತೆಗೂ ಇದ್ದ ನಂಟಿನ ಒಂದು ತಾರೀಖು ನೆನಪಿಡುವಂಥದ್ದು. ಗೀತೆಯನ್ನು ಅವರು ಗುಜರಾತಿಗೆ ಅನುವಾದಿಸಿದ್ದರು. ಅದಕ್ಕೆ ಬರೆದ ಮುನ್ನುಡಿಯನ್ನು 1929ರ ಬೇಸಿಗೆಯಲ್ಲಿ, ಹಿಮಾಲಯದ ತಪ್ಪಲಿನ ಕೌಸಾನಿಯಲ್ಲಿ ಮುಗಿಸಿದರು. 'ಅನಾಸಕ್ತಿಯೋಗ' ಎಂಬ ಹೆಸರಿನ ಆ ಪುಸ್ತಕ ಹೊರಬಂದದ್ದು 1930ರ ಮಾರ್ಚ್ 12ರಂದು, ಅಂದರೆ ಸಾಬರಮತಿಯಿಂದ ದಂಡಿಗೆ ಹೆಜ್ಜೆ ಹಾಕಿದ ದಿನ. ಉಪ್ಪಿನ ಸತ್ಯಾಗ್ರಹದ ಫಲ ಏನಾದೀತೆಂದು ಆ ಬೆಳಿಗ್ಗೆ ಯಾರಿಗೂ ಗೊತ್ತಿರಲಿಲ್ಲ. ಉಪ್ಪಿನಿಂದ ಏನು ಸಾಧ್ಯ ಎಂದು ಅವರ ಜೊತೆಯವರೇ ಸಂಶಯ ಪಟ್ಟಿದ್ದರು. ಫಲ ತಿಳಿದ ಮೇಲೆ ಹೊರಡುತ್ತೇನೆಂದು ಕೂತಿದ್ದರೆ ಅವರು ಸಾಬರಮತಿಯನ್ನು ಬಿಡುತ್ತಲೇ ಇರಲಿಲ್ಲ.

ಗೀತೆಯ ಎರಡನೆಯ ಅಧ್ಯಾಯದ 47ನೇ ಶ್ಲೋಕ ನಮ್ಮ ಊರುಗಳಲ್ಲಿ ಗೋಡೆಗೋಡೆಯ ಮೇಲೂ ಇದೆ. ಕರ್ಮದಲ್ಲಿ ನಿನಗೆ ಅಧಿಕಾರ, ಫಲದಲ್ಲಿ ಅಲ್ಲ ಎಂಬಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ಶ್ಲೋಕ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಪಾದದಲ್ಲಿ ಕೃಷ್ಣ ಇನ್ನೊಂದು ಮಾತು ಹೇಳುತ್ತಾನೆ: ಮಾಡದೆ ಇರುವುದರ ಮೇಲೂ ನಿನಗೆ ನಂಟು ಬೆಳೆಯದಿರಲಿ. ನನ್ನ ಮಟ್ಟಿಗೆ ಮುಂದೂಡುವವರಿಗೆ ಬೇಕಾದ ಮಾತು ಇದು. ಮಾಡದಿರುವುದಕ್ಕೂ ಒಂದು ರುಚಿಯಿದೆ. ಅರ್ಜಿ ಕೊಡದಿರುವವರೆಗೆ ಅದು ತಿರಸ್ಕಾರವಾಗುವುದಿಲ್ಲ. ತಮ್ಮನ ಹತ್ತಿರ ಮಾತು ತೆಗೆಯದಿರುವವರೆಗೆ ಜಗಳವಿಲ್ಲ. ಉತಾರದಲ್ಲಿ ಅಪ್ಪನ ಹೆಸರಿರುವವರೆಗೆ ಅಪ್ಪ ಎಲ್ಲೋ ಇದ್ದಾನೆ.

ಅರ್ಜುನನ ಕಥೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ. ಬಿಲ್ವಿದ್ಯೆಯಲ್ಲಿ ಅವನಿಗೆ ಸಾಟಿಯಿಲ್ಲ. ಈ ದಿನಕ್ಕಾಗಿ ವನವಾಸದಲ್ಲಿ ಅಸ್ತ್ರ ಗಳಿಸಿದವನು. ಎರಡು ಸೈನ್ಯಗಳ ನಡುವೆ ರಥ ನಿಂತಾಗ ಅವನ ಕೈಯಿಂದ ಗಾಂಡೀವ ಜಾರುತ್ತದೆ, ಮೈ ನಡುಗುತ್ತದೆ, ಬಾಯಿ ಒಣಗುತ್ತದೆ. ರಥದಲ್ಲಿ ಕುಸಿದು ಕೂತುಬಿಡುತ್ತಾನೆ. ಕೊಡುವ ಕಾರಣಗಳೆಲ್ಲ ಉದಾತ್ತ: ಕುಲ, ಹಿರಿಯರು, ಪಾಪ. ಕೃಷ್ಣ ಅವನ ದುರ್ಬಲತೆಯನ್ನು ಮೊದಲು ಗದರಿಸುತ್ತಾನೆ, ನಿಜ. ಆದರೆ ಗದರಿಕೆಯಿಂದ ಅರ್ಜುನ ಏಳಲಿಲ್ಲ. ಆಮೇಲೆ ಹದಿನೆಂಟನೆಯ ಅಧ್ಯಾಯದವರೆಗೂ ಕೂತು ಭಯವನ್ನು ಬಿಡಿಸಬೇಕಾಯಿತು. ಮಾಡುತ್ತೇನೆ ಎಂಬ ಮಾತು ಅರ್ಜುನನ ಬಾಯಿಂದ ಬರುವುದು ಕೊನೆಯ ಅಧ್ಯಾಯದ 73ನೇ ಶ್ಲೋಕದಲ್ಲಿ. ಕೆಲಸವನ್ನು ಮುಂದೂಡಿದ ಮಗನನ್ನೋ ತಮ್ಮನನ್ನೋ ಒಂದೇ ಬೈಗುಳದಲ್ಲಿ ಎಬ್ಬಿಸಲು ಹೋಗುವವರು ಇದನ್ನು ನೆನೆಯಬೇಕು.

ಗಾಂಧಿ ಚೌಕದಿಂದ ಬಾರಾ ಕಮಾನಿಗೆ ನಡೆದೇ ಹೋಗಬಹುದು. ನೀವು ಅಲ್ಲಿಗೆ ಬರುವ ಹೊತ್ತಿಗೆ ಮೂಡಣ ಕೆಂಪಾಗಿದೆ. ಎತ್ತರದ ಜಗಲಿಯ ಮೇಲೆ ಕರಿಗಲ್ಲಿನ ಕಮಾನುಗಳು ಸಾಲಾಗಿ ನಿಂತಿವೆ, ಮೇಲೆ ಛಾವಣಿಯಿಲ್ಲ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಮಗ, ಎರಡನೆಯ ಅಲಿ ಆದಿಲ್ ಶಾಹ, ತನ್ನ ಸಮಾಧಿಗೆಂದು ಆರಂಭಿಸಿದ ಕಟ್ಟಡ ಇದು. 1656ರಲ್ಲಿ ಪಟ್ಟಕ್ಕೆ ಬಂದ, 1672ರಲ್ಲಿ ತೀರಿಕೊಂಡ. ಸಮಾಧಿ ಒಳಗಿದೆ, ಗುಮ್ಮಟ ಮಾತ್ರ ಮೇಲೇರಲಿಲ್ಲ. ಇದರಿಂದ ದೊರೆ ಕೆಲಸಗಳ್ಳನಾಗಿದ್ದ ಎಂದು ಹೇಳುವುದು ಅನ್ಯಾಯ. ಒಂದು ಕಡೆ ಮೊಘಲರು, ಇನ್ನೊಂದು ಕಡೆ ಶಿವಾಜಿ ಮಹಾರಾಜರು ಒತ್ತುತ್ತಿದ್ದ ಕಾಲ ಅದು. ಬಾರಾ ಕಮಾನಿನ ಮುಂದೆ ನಿಂತಾಗ ತೋಚುವುದು ಬೇರೆ. ಯಾವ ಕೆಲಸಕ್ಕೂ ಆಯುಷ್ಯದಿಂದ ಮುಚ್ಚಳಿಕೆ ಬರೆಸಿಕೊಳ್ಳಲು ದೊರೆಗೂ ಆಗಲಿಲ್ಲ. ಮಹಾಭಾರತದಲ್ಲಿ ಯಕ್ಷ ಕೇಳಿದ ಪ್ರಶ್ನೆಗೆ ಧರ್ಮರಾಜ ಕೊಟ್ಟ ಉತ್ತರವೂ ಅದೇ: ದಿನವೂ ಜೀವಿಗಳು ಯಮಲೋಕಕ್ಕೆ ಹೋಗುವುದನ್ನು ಕಂಡೂ ಉಳಿದವರು ತಾವು ಶಾಶ್ವತ ಎಂದುಕೊಳ್ಳುತ್ತಾರಲ್ಲ, ಅದಕ್ಕಿಂತ ಆಶ್ಚರ್ಯ ಇನ್ನೇನಿದೆ?

ಆಶ್ರಮ ರಸ್ತೆಗೆ ಹೋಗುವ ಟಂಟಂನಲ್ಲಿ ಮೂವರು ಕೂರುವ ಸೀಟಿನಲ್ಲಿ ಐದನೆಯವರಾಗಿ ನೀವು ಕೂರುತ್ತೀರಿ. ಚೀಲ ತೊಡೆಯ ಮೇಲಿದೆ. ದಾರಿಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹಲಗೆಯ ಮೇಲೆ ಫ.ಗು. ಹಳಕಟ್ಟಿ ಎಂಬ ಹೆಸರು ಹಾದುಹೋಗುತ್ತದೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರಕ್ಕೆ ವಕೀಲಿಕೆಗೆ ಬಂದ ಈ ಮನುಷ್ಯ ಮನೆಮನೆಯ ಅಟ್ಟಗಳಲ್ಲಿ ಹುಳ ತಿನ್ನುತ್ತಿದ್ದ ತಾಡೋಲೆಗಳನ್ನು ಬೇಡಿ ತಂದರು. 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಬಂತು. ಬೇರೆಯವರು ಅಚ್ಚು ಹಾಕಿಕೊಡಲೆಂದು ಕಾಯಲಿಲ್ಲ. ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷವೇ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ಅದನ್ನು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು, ಹರಿದ ಕೋಟಿನಲ್ಲೇ. ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದ್ದರೂ ಬಸವಣ್ಣನ ಮಾತು ಓಲೆಯಲ್ಲೇ ಪುಡಿಯಾಗುತ್ತಿತ್ತು. ಹುಳಕ್ಕೆ ನಾಳೆ ಎಂಬುದಿಲ್ಲವಲ್ಲ.

ಜ್ಞಾನಯೋಗಾಶ್ರಮದ ಅಂಗಳಕ್ಕೆ ಕಾಲಿಟ್ಟ ಕೂಡಲೇ ಪೇಟೆಯ ಗದ್ದಲ ಹಿಂದಕ್ಕೆ ಸರಿಯುತ್ತದೆ. ಬಿಳಿ ಬಟ್ಟೆಯ ಹಿರಿಯರು, ಸೆರಗು ಹೊದ್ದ ಅವ್ವಂದಿರು, ಶಾಲೆಗೆ ಹೋಗುವ ದಾರಿಯಲ್ಲಿ ಕೈಮುಗಿಯಲು ಬಂದ ಹುಡುಗರು. ನೀವು ಒಂದು ಕಟ್ಟೆಯ ಮೇಲೆ ಕೂರುತ್ತೀರಿ. ಈ ಸುತ್ತಿನ ಹಳ್ಳಿಗಳಲ್ಲಿ, ಇದೇ ಆಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮೀಜಿಯವರ, ಜನರ ಬಾಯಲ್ಲಿ ಅಪ್ಪಾರ, ಪ್ರವಚನ ಕೇಳದ ಮನೆ ಹುಡುಕುವುದು ಕಷ್ಟ. ಅವರು ಹುಟ್ಟಿದ ಬಿಜ್ಜರಗಿ ನೀವು ಇವತ್ತು ಹೋಗಬೇಕಾದ ತಿಕೋಟಾ ತಾಲ್ಲೂಕಿನಲ್ಲೇ ಇದೆ. ಊರಿನವರು ಹೊಲದ ಕೆಲಸಕ್ಕೆ ಇಳಿಯುವ ಮುಂಚೆ, ಬೆಳಗಿನ ತಂಪಿನಲ್ಲಿ ಪ್ರವಚನ. ಅಪ್ಪಾರು ಗಳಿಗೆ ತಪ್ಪುವುದಿಲ್ಲವೆಂದು ಜನರೂ ಹೊತ್ತಿಗೆ ಮುಂಚೆಯೇ ಬಂದು ನೆಲದ ಮೇಲೆ ಸದ್ದಿಲ್ಲದೆ ಕೂತಿರುತ್ತಿದ್ದರು. ಜೇಬಿಲ್ಲದ ಬಿಳಿ ಅಂಗಿ, ಏರದ ದನಿ, ಉಪನಿಷತ್ತು, ಅಲ್ಲಮ, ಪತಂಜಲಿ.

ಪತಂಜಲಿ ಯೋಗಸೂತ್ರದ ಮೊದಲ ಪಾದದ 30ನೇ ಸೂತ್ರದಲ್ಲಿ ಮನಸ್ಸಿನ ದಾರಿಗೆ ಅಡ್ಡ ಬರುವ ಒಂಬತ್ತು ವಿಘ್ನಗಳಿವೆ. ರೋಗ ಮೊದಲು. ಆಮೇಲೆ ಮನಸ್ಸಿನ ಜಡತೆ, ಸಂಶಯ, ಎಚ್ಚರಗೇಡಿತನ, ಆಲಸ್ಯ, ವಿಷಯಗಳ ಸೆಳೆತ, ತಪ್ಪು ತಿಳಿವಳಿಕೆ, ನೆಲೆ ಸಿಗದಿರುವುದು, ಸಿಕ್ಕ ನೆಲೆಯಲ್ಲಿ ನಿಲ್ಲಲಾಗದಿರುವುದು. ಆಲಸ್ಯ ಒಂಬತ್ತರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಬೇಕು. ಮುಂದಿನ ಸೂತ್ರ ಇನ್ನೂ ಸೂಕ್ಷ್ಮ. ಈ ವಿಘ್ನಗಳ ಜೊತೆಗೇ ದುಃಖ, ಮನಸ್ಸು ಕುಗ್ಗುವುದು, ಮೈ ನಡುಕ, ಉಸಿರಿನ ಏರುಪೇರು ಬರುತ್ತವೆ ಎನ್ನುತ್ತದೆ ಅದು. ಗೀತೆಯಲ್ಲೂ ಹಾಗೆಯೇ. ಹದಿನೆಂಟನೆಯ ಅಧ್ಯಾಯದ 28ನೇ ಶ್ಲೋಕ ತಾಮಸ ಕರ್ತೃವಿನ ಲಕ್ಷಣ ಹೇಳುವಾಗ ಆಲಸಿ, ವಿಷಾದದಲ್ಲಿ ಮುಳುಗಿದವ, ಕೆಲಸ ಎಳೆಯುತ್ತ ಹೋಗುವವ ಎಂದು ಮೂವರನ್ನೂ ಪಕ್ಕಪಕ್ಕದಲ್ಲೇ ನಿಲ್ಲಿಸುತ್ತದೆ. ನಿಮ್ಮ ಎದೆಯ ಬಿಗಿತವನ್ನು ಈ ಗ್ರಂಥಗಳು ಬಹಳ ಹಿಂದೆಯೇ ಕಂಡಿವೆ. ಅಪ್ಪನ ಹೆಸರಿನ ಮುಂದೆ 'ಮೃತ' ಎಂದು ನಿಮ್ಮ ಕೈಯಾರೆ ಬರೆಯಬೇಕು. ಆ ಒಂದು ಪದ ಬರೆಯಲಾಗದೆ ವರ್ಷಗಳು ಹೋದವು.

ಪತಂಜಲಿ ಕೊಡುವ ಮದ್ದು ಸರಳ: ಒಂದನ್ನೇ ಹಿಡಿದು ಅಭ್ಯಾಸ ಮಾಡು. ಬಹಳ ಕಾಲ, ಬಿಡದೆ, ಆದರದಿಂದ. ಗೀತೆ ಅದಕ್ಕೆ ಧೈರ್ಯ ಸೇರಿಸುತ್ತದೆ. ಈ ದಾರಿಯಲ್ಲಿ ಮಾಡಿದ ಯತ್ನ ಹಾಳಾಗುವುದಿಲ್ಲ, ಸ್ವಲ್ಪವೇ ಮಾಡಿದರೂ ಅದು ದೊಡ್ಡ ಭಯದಿಂದ ಕಾಪಾಡುತ್ತದೆ ಎಂದು ಎರಡನೆಯ ಅಧ್ಯಾಯದ 40ನೇ ಶ್ಲೋಕದಲ್ಲಿದೆ. ಇಡೀ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತವನಿಗೆ ಹೆಜ್ಜೆ ಏಳುವುದಿಲ್ಲ. ಇವತ್ತಿನ ಪಾಲು ಯಾವುದು ಎಂದು ಕೇಳಿಕೊಂಡರೆ ಏಳುತ್ತದೆ.

ಅಪ್ಪಾರ ಬದುಕಿನಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಒಂದು ಕಾಗದ. 2014ರ ಗುರುಪೂರ್ಣಿಮೆಯ ದಿನ ಅವರು ತಮ್ಮ 'ಅಂತಿಮ ಅಭಿವಂದನ ಪತ್ರ' ಬರೆದಿಟ್ಟರು. ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಬೇಕು, ಸ್ಮಾರಕ ಕಟ್ಟಬಾರದು. ಆಗ ಅವರು ಎಪ್ಪತ್ತು ದಾಟಿದ್ದರು. ಅದಾದ ಮೇಲೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಊರೂರು ತಿರುಗಿ ಪ್ರವಚನ ಹೇಳಿದರು. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಬೇಡವೆಂದು ವಿನಯದಿಂದ ಪತ್ರ ಬರೆದರು. 2023ರ ಜನವರಿ 2, ವೈಕುಂಠ ಏಕಾದಶಿಯ ಸಂಜೆ ಇದೇ ಆಶ್ರಮದಲ್ಲಿ ದೇಹ ಬಿಟ್ಟರು. ಮರುದಿನ ಸೈನಿಕ ಶಾಲೆಯ ಮೈದಾನದಲ್ಲಿ ಲಕ್ಷಾಂತರ ಜನ ಸಾಲುಗಟ್ಟಿ ನಿಂತಿದ್ದರು. ಇಷ್ಟು ದೊಡ್ಡ ಭಕ್ತವೃಂದದ ಗುರುವೊಬ್ಬರು ಹೋದಾಗ ಮುಂದೇನು ಎಂಬ ಗೊಂದಲ ಏಳಬಹುದಿತ್ತು. ಏಳಲಿಲ್ಲ. ಏನು ಮಾಡಬೇಕೆಂಬುದು ಕಾಗದದ ಮೇಲಿತ್ತು, ಹಾಗೆಯೇ ಮಾಡಿದರು. ಅಂದು ಸಂಜೆ ಆಶ್ರಮದ ಅಂಗಳದಲ್ಲೇ ಅಗ್ನಿಸ್ಪರ್ಶವಾಯಿತು.

ಮನೆಯಲ್ಲಿ ಹಿರಿಯರೆದುರು ಮೃತ್ಯುಪತ್ರದ ಮಾತು ತೆಗೆದರೆ ಅಪಶಕುನ ಎನ್ನುವ ಸೀಮೆ ನಮ್ಮದು. ಅದೇ ಸೀಮೆಯ ಮನುಷ್ಯ, ಒಂದು ಶುಭದಿನವನ್ನೇ ಆರಿಸಿಕೊಂಡು, ಗುರುವನ್ನು ನೆನೆಯುವ ಹುಣ್ಣಿಮೆಯಂದು ಅದನ್ನು ಬರೆದರು. ವೈರಾಗ್ಯ ಎಂದರೆ ಕಾವಿ, ಕಾಡು ಎಂದುಕೊಂಡವರಿಗೆ ಆ ಕಾಗದವನ್ನು ತೋರಿಸಬೇಕೆನಿಸುತ್ತದೆ.

ಕಟ್ಟೆಯ ಮೇಲೆ ಕೂತೇ ನೀವು ತಮ್ಮನಿಗೆ ಫೋನ್ ಹಚ್ಚುತ್ತೀರಿ. ಅತ್ತಲಿಂದ ಪಂಪಿನ ಸದ್ದು ಕೇಳುತ್ತದೆ, ಅವನು ತೋಟದಲ್ಲಿದ್ದಾನೆ.

"ತಿಕೋಟಾಕ್ಕ ಹೊಂಟೀನಿ. ವಾರಸಾ ಅರ್ಜಿ ಕೊಟ್ಟು ಬರ್ತೀನಿ. ನೀನೂ ಬಾ."

"ಅಣ್ಣಾ, ಈಗ್ಯಾಕ? ರಾಶಿ ಮುಗೀಲಿ, ಆಮ್ಯಾಲ ನೋಡೂಣು." ಸ್ವಲ್ಪ ತಡೆದು, "ಬೋರಿನ ಕಡೀ ಹೊಲಾ ಯಾರಿಗಂತ ಇನ್ನೂ ಮಾತಾಗಿಲ್ಲಲ್ಲಾ" ಎನ್ನುತ್ತಾನೆ.

ಎದೆ ಮತ್ತೆ ಬಿಗಿಯುತ್ತದೆ. ಇಷ್ಟು ವರ್ಷ ನೀವು ಹೆದರಿದ್ದು ಈ ಒಂದು ಮಾತಿಗೆ. ಉತ್ತರ ನಾಲಿಗೆಯ ತುದಿಗೆ ಬಂದಿದೆ, ಬಿಸಿಯಾಗಿಯೇ ಬಂದಿದೆ. ಇಲ್ಲಿ ಒಂದು ಕ್ಷಣ ತಡೆಯಿರಿ. ಶಾಂತಿಪರ್ವದಲ್ಲಿ ಭೀಷ್ಮ ಹೇಳಿದ ಎರಡು ಕಥೆಗಳು ಈ ಗಳಿಗೆಗೆ ಬೇಕು.

ಒಂದು, ಮೂರು ಮೀನುಗಳದು. ಬೆಸ್ತರು ಕೊಳದ ನೀರು ಬಸಿಯಲು ಶುರು ಮಾಡಿದಾಗ ಮುಂದಿನದನ್ನು ಕಂಡ ಮೀನು ಕಾಲುವೆ ಹಿಡಿದು ಹೊರಟುಹೋಯಿತು. ಸಮಯಸ್ಫೂರ್ತಿಯ ಮೀನು ಸಿಕ್ಕಿಬಿದ್ದರೂ, ಬೆಸ್ತರ ಹಗ್ಗ ಕಚ್ಚಿ ಹಿಡಿದು, ತೊಳೆಯಲು ದೊಡ್ಡ ನೀರಿಗೆ ಇಳಿಸಿದಾಗ ಪಾರಾಯಿತು. ದೀರ್ಘಸೂತ್ರ ಎಂಬ ಮೂರನೆಯದು ಅವಸರವೇನಿದೆ ಎನ್ನುತ್ತ ಉಳಿದು ಸತ್ತಿತು. ಇದನ್ನು ಎಲ್ಲರೂ ಹೇಳುತ್ತಾರೆ.

ಎರಡನೆಯದನ್ನು ಹೇಳುವವರು ಕಡಿಮೆ. ಗೌತಮನಿಗೆ ಚಿರಕಾರಿ ಎಂಬ ಮಗ. ಏನು ಮಾಡಲೂ ಬಹಳ ಹೊತ್ತು ಯೋಚಿಸುವವನು. ಜನ ದಡ್ಡ, ಸೋಮಾರಿ ಎಂದು ಆಡಿಕೊಳ್ಳುತ್ತಿದ್ದರು. ಒಂದು ದಿನ ತಾಯಿಯ ಮೇಲೆ ಸಿಟ್ಟಾದ ತಂದೆ, ಅವಳನ್ನು ಕೊಲ್ಲು ಎಂದು ಮಗನಿಗೆ ಆಜ್ಞೆ ಮಾಡಿ ಕಾಡಿಗೆ ಹೋದ. ಚಿರಕಾರಿ ಕೂತು ಯೋಚಿಸಿದ. ತಂದೆಯ ಮಾತು ಮೀರಬಾರದು, ತಾಯಿಯನ್ನು ಕೊಂದು ಬದುಕುವುದು ಹೇಗೆ? ಯೋಚಿಸುತ್ತಲೇ ಹೊತ್ತು ಹೋಯಿತು. ಕಾಡಿನಲ್ಲಿ ಸಿಟ್ಟು ಇಳಿದ ಗೌತಮ, ಮಗ ತನ್ನ ಹೆಸರಿಗೆ ತಕ್ಕಂತೆ ಇವತ್ತಾದರೂ ತಡಮಾಡಿರಲಿ ಎಂದು ಹಂಬಲಿಸುತ್ತ ಓಡಿಬಂದ. ಮಗ ಆಯುಧ ಕೆಳಗಿಟ್ಟು ಕಾಲಿಗೆ ಬಿದ್ದ, ತಾಯಿ ಜೀವಂತ ನಿಂತಿದ್ದಳು. ಸಿಟ್ಟಿನಲ್ಲಿ, ಜಗಳದಲ್ಲಿ, ಅಹಂಕಾರದಲ್ಲಿ, ಕೆಟ್ಟ ಕೆಲಸದಲ್ಲಿ ತಡಮಾಡುವವನೇ ಮೆಚ್ಚಿಗೆ ಪಡೆಯುವವನು ಎಂದು ತಂದೆ ಮಗನನ್ನು ಹೊಗಳಿದ.

ಎರಡೂ ಕಥೆಗಳನ್ನು ಹೇಳಿದ್ದು ಒಬ್ಬನೇ ಭೀಷ್ಮ, ಕೇಳಿದ್ದು ಒಬ್ಬನೇ ಯುಧಿಷ್ಠಿರ. ತಡಮಾಡುವ ಸ್ವಭಾವವನ್ನು ಕಿತ್ತು ಎಸೆಯಬೇಕಿಲ್ಲ, ಅದನ್ನು ಸರಿಯಾದ ಕಡೆಗೆ ತಿರುಗಿಸಬೇಕು. ಇಷ್ಟು ವರ್ಷ ನೀವು ಅರ್ಜಿಯನ್ನು ಮುಂದೂಡಿದಿರಿ, ಮನಸ್ಸಿನೊಳಗಿನ ಜಗಳವನ್ನು ಮಾತ್ರ ದಿನವೂ ಆಡಿದಿರಿ. ಇವತ್ತು ಅದನ್ನು ತಿರುಗಾಮುರುಗಾ ಮಾಡಿ.

"ತಮ್ಮಾ, ವಾಟ್ನಿ ಬ್ಯಾರೆ, ವಾರಸಾ ಬ್ಯಾರೆ. ಬೋರಿನ ಮಾತು ಈಗ ಬ್ಯಾಡ. ಈಗ ಅವ್ವಂದು, ನಂದು, ನಿಂದು, ತಂಗೀದು ನಾಕೂ ಹೆಸರು ಜಂಟಿ ಏರ್ಲಿ. ಹಂಚೂದು ಯಾವಾಗ ಅನ್ನೂದು ಎಲ್ಲಾರೂ ಕೂಡಿ ಕುಂತು ಮಾತಾಡೂಣು."

ಅತ್ತ ಪಂಪಿನ ಸದ್ದು ನಿಲ್ಲುತ್ತದೆ. "ಬರೇ ಹೆಸರು ಏರಸೂದಷ್ಟ?" ಎನ್ನುತ್ತಾನೆ ತಮ್ಮ. "ಹಂಗಾದ್ರ ಬರ್ತೀನಿ. ಹತ್ತಕ್ಕ ಅಲ್ಲೇ ಸಿಗ್ತೀನಿ."

ಅಥಣಿ ದಾರಿಯ ಬಸ್ಸು ಹಿಡಿಯುತ್ತೀರಿ. ತಿಕೋಟಾ ಸುಮಾರು 20 ಕಿಲೋಮೀಟರ್. ತೊರವಿ ಬರುತ್ತದೆ, ನರಸಿಂಹ ದೇವರ ಊರು, ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರು, ಈಗ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಇಳಿಯುವ ಊರು. ದಾಟಿದ ಮೇಲೆ ಎರಡೂ ಬದಿಗೆ ದ್ರಾಕ್ಷಿ ಪಡಗಳು, ನಡುನಡುವೆ ತೆನೆ ಬಿಚ್ಚಿದ ಬಿಳಿಜೋಳ. ಕಿಟಕಿಯಿಂದ ಕಾಣುವ ಒಂದೊಂದು ತೋಟದಲ್ಲೂ ತಾರೀಖಿನ ಪ್ರಕಾರ ನಡೆದ ಕೆಲಸವಿದೆ. ಏಪ್ರಿಲಿನಲ್ಲಿ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಇನ್ನೊಂದು. ಕಾಯಿ ಹಿಡಿಯುವುದು, ಒಣದ್ರಾಕ್ಷಿಯ ಶೆಡ್ಡಿಗೆ ಹೋಗುವುದು ಎಲ್ಲವೂ ಆ ಎರಡು ತಾರೀಖುಗಳಿಂದ ಎಣಿಕೆಯಾಗುತ್ತವೆ. ಈ ಜನಕ್ಕೆ ಹೊತ್ತು ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ. ಹೊಲದಲ್ಲಿ ತೋರುವ ಶಿಸ್ತನ್ನು ಹೊಲದ ಕಾಗದಕ್ಕೂ ತೋರುವುದಷ್ಟೇ ಬಾಕಿ.

ಬಾಕಿ ಉಳಿದರೆ ಏನಾಗುತ್ತದೆಂದು ಬಸ್ಸಿನಲ್ಲಿ ಕೂತವರಿಗೆಲ್ಲ ಗೊತ್ತು. ತೀರಿಕೊಂಡವರ ಹೆಸರಿನ ಉತಾರದ ಮೇಲೆ ಊರಿನ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ (ಪಿಕೆಪಿಎಸ್) ಬೆಳೆಸಾಲ ಸಿಗುವುದಿಲ್ಲ. ಆಲಿಕಲ್ಲು ಬಿದ್ದು ದ್ರಾಕ್ಷಿ ಹೋದರೆ ಪರಿಹಾರದ ಹಣ ಬರಬೇಕಾದದ್ದು ಪಹಣಿಯಲ್ಲಿರುವ ಹೆಸರಿಗೆ. ಪಿಎಂ ಕಿಸಾನ್ ಕಂತೂ ಹಾಗೆಯೇ. ತಡವಾದಷ್ಟೂ ವಾರಸುದಾರರ ಪೈಕಿ ಇನ್ನೊಬ್ಬರು ತೀರಿಕೊಳ್ಳುತ್ತಾರೆ, ವಂಶವೃಕ್ಷಕ್ಕೆ ಇನ್ನೊಂದು ಟೊಂಗೆ ಸೇರುತ್ತದೆ, ಅಜ್ಜನ ಹೆಸರಿನ ಹೊಲಕ್ಕೆ ಮೊಮ್ಮಕ್ಕಳು ಊರೂರಿಂದ ಸಹಿಗೆ ಬರಬೇಕಾಗುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 128ನೇ ಕಲಮಿನ ಪ್ರಕಾರ ವಾರಸಾದಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ಅದನ್ನು ತಿಳಿಸಬೇಕು. ಬಾಯಿಮಾತಿನಲ್ಲಿ ತಿಳಿಸಿದರೂ ಆದೀತೆಂದು ಅದೇ ಕಲಂ ಹೇಳುತ್ತದೆ.

ಹತ್ತು ಗಂಟೆ. ತಿಕೋಟಾದ ನಾಡಕಚೇರಿಯ ಮುಂದೆ ತಮ್ಮ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದಾನೆ, ಹಿಂದಿನ ಸೀಟಿನಲ್ಲಿ ಅವ್ವನನ್ನೂ ಕರೆತಂದಿದ್ದಾನೆ. ಅರ್ಜಿ ಬರೆದುಕೊಡುವವರ ಮೇಜಿನ ಮುಂದೆ ಮೂವರೂ ಕೂರುತ್ತೀರಿ. ಖಾತೆದಾರರ ಹೆಸರು ಎಂಬಲ್ಲಿಗೆ ಬಂದಾಗ ಅವರು ತಲೆ ಎತ್ತುತ್ತಾರೆ. ನೀವು ಪೆನ್ನು ತೆಗೆದುಕೊಂಡು ಅಪ್ಪನ ಹೆಸರನ್ನು ನೀವೇ ಬರೆಯುತ್ತೀರಿ, ಅದರ ಮುಂದಿನ ಪದವನ್ನೂ ಬರೆಯುತ್ತೀರಿ. ಕೈ ಸ್ವಲ್ಪ ನಡುಗುತ್ತದೆ, ಬರೆದ ಮೇಲೆ ನಿಲ್ಲುತ್ತದೆ. ವಾರಸುದಾರರ ಸಾಲಿನಲ್ಲಿ ತಂಗಿಯ ಹೆಸರನ್ನು ತಮ್ಮನೇ ಹೇಳುತ್ತಾನೆ. ಹೆಣ್ಣುಮಕ್ಕಳ ಹಕ್ಕನ್ನು ಕರ್ನಾಟಕ 1994ರಲ್ಲೇ ಕಾಯ್ದೆಗೆ ತಂದಿದೆ, ಕೇಂದ್ರದ ತಿದ್ದುಪಡಿ 2005ರದು. ಆದರೆ ಕಾನೂನಿನ ಮಾತು ಇಲ್ಲಿ ಯಾರೂ ಎತ್ತಲಿಲ್ಲ. ಅವ್ವ ಹೆಬ್ಬೆಟ್ಟು ಒತ್ತುತ್ತಾಳೆ.

ಕಿಟಕಿಯಲ್ಲಿ ಸ್ವೀಕೃತಿ ಚೀಟಿ ಕೊಡುತ್ತಾರೆ. ತಲಾಠಿಯ ವರದಿ, ನೋಟಿಸು, ತಕರಾರಿನ ಅವಧಿ ಇನ್ನೂ ಮುಂದಿವೆ. ಅವು ಕಚೇರಿಯ ಪಾಲು. ನಿಮ್ಮ ಪಾಲು ಇವತ್ತಿಗೆ ಮುಗಿಯಿತು.

ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಮಂದಿಯ ಹೊಲ, ಮನೆ, ಪ್ಲಾಟು ಇವತ್ತಿಗೂ ಇಲ್ಲದವರ ಹೆಸರಿನಲ್ಲಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉತಾರ, ಆಧಾರ್, ಇಷ್ಟನ್ನು ಇವತ್ತು ರಾತ್ರಿಯೇ ಒಂದು ಕಡೆ ತೆಗೆದಿಡಿ. ಒಡಹುಟ್ಟಿದವರಿಗೆ ಒಂದು ಫೋನ್ ಮಾಡಿ, ಹಂಚಿಕೆಯ ಮಾತು ಬೇಡ, ಹೆಸರು ಏರಿಸುವುದಷ್ಟೇ ಎಂದು ಹೇಳಿ. ನಾಡಕಚೇರಿಯ ಬಾಗಿಲು ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ.